ಹೆಂಟೆಯೊಳಗಿನ ಕಪ್ಪು

ಮಾನ್ವಿ ಕಡೆಯ ಎರೆಹೊಲಗಳ ನಡುವೆ ಹಾದುಹೋಗುವ ಗ್ರಾಮೀಣ ರಸ್ತೆಯೊಂದರಲ್ಲಿ 200 ಮೀಟರ್ ಉದ್ದದ ತುಣುಕನ್ನು ನಮಗೆ ಪ್ರಯೋಗಕ್ಕೆಂದು ಬಿಟ್ಟುಕೊಟ್ಟಿದ್ದರು. ರಾಯಚೂರು ಬಳಿಯ ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಸುಣ್ಣದ ಜೊತೆ ಎರೆಮಣ್ಣಿಗೆ ಬೆರೆಸಿ ರಸ್ತೆಯ ತಳವನ್ನು ಗಟ್ಟಿಮಾಡುವುದು ನಮ್ಮ ಕೆಲಸ. 1985ರಿಂದ ಕಲ್ಲಿದ್ದಲು ಉರಿಸುತ್ತಿರುವ, 1720 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರದ ಬಳಿ ಬೂದಿಗೆ ಬರವಿಲ್ಲ. ಎರೆಸೀಮೆಯಲ್ಲಿ ಬರವಿರುವುದು ಒಳ್ಳೆಯ ಗರಸಿಗೆ. ಗುಡ್ಡ ಅಗೆದು ದೂರದಿಂದ ಗರಸು ಹೊರುವ ಬದಲು, ರಾಶಿ ಬಿದ್ದು ಗಾಳಿಗೆ ಹಾರುವ ಬೂದಿಗೆ ರಸ್ತೆಯ ಕೆಳಗೊಂದು ನೆಲೆ ಸಿಗಲಿ ಎಂಬುದು ನನ್ನ ಮನಸ್ಸಿನ ಆಸೆಯೂ ಆಗಿತ್ತು.

ಎರೆಮಣ್ಣಿನ ಸ್ವಭಾವ ತಿಳಿಯಲು ಪ್ರಯೋಗಾಲಯದ ಎರಡು ಗಾಜಿನ ಅಳತೆಕೊಳವೆಗಳು ಸಾಕು. ತಲಾ 10 ಗ್ರಾಂ ಒಣಮಣ್ಣನ್ನು ಒಂದರಲ್ಲಿ ಸೀಮೆಎಣ್ಣೆಗೂ ಇನ್ನೊಂದರಲ್ಲಿ ನೀರಿಗೂ ಹಾಕಿ ಒಂದು ದಿನ ಬಿಟ್ಟೆವು. ಸೀಮೆಎಣ್ಣೆಯ ಮಣ್ಣು ಇದ್ದಷ್ಟೇ ಇತ್ತು. ನೀರಿನದು ಅದರ ಎರಡು ಪಟ್ಟಿನಷ್ಟು ಉಬ್ಬಿ ನಿಂತಿತ್ತು. ಮಳೆಗಾಲದಲ್ಲಿ ಹೀಗೆ ಉಬ್ಬಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ನೆಲದ ಮೇಲೆ ಎಷ್ಟು ಜಲ್ಲಿ ಸುರಿದರೂ ರಸ್ತೆ ನಿಲ್ಲುವುದಿಲ್ಲ. ನಾಲ್ಕು ದಿನ ನೀರಿನಲ್ಲಿ ನೆನೆಸಿ ಮಾಡಿದ ಸಿ.ಬಿ.ಆರ್. ಪರೀಕ್ಷೆಯಲ್ಲಿ, ಎಂದರೆ ನೆಲ ಭಾರ ತಾಳುವ ಶಕ್ತಿಯನ್ನು ಗಟ್ಟಿ ಜಲ್ಲಿಯೊಡನೆ ಹೋಲಿಸಿ ಅಳೆಯುವ ಪರೀಕ್ಷೆಯಲ್ಲಿ, ಆ ಮಣ್ಣಿನ ತಾಳಿಕೆ ಶೇ. 2ರ ಆಸುಪಾಸಿನಲ್ಲಿತ್ತು.

ಬೂದಿ ಹರಡುವ ದಿನ ಬೆಳಿಗ್ಗೆ ಆಕಾಶದಲ್ಲಿ ಮೋಡ ಕವಿದಿತ್ತು. ಮಳೆ ಬರುವ ಮುಂಚೆ ಮುಗಿಸಬೇಕೆಂದು ಗುತ್ತಿಗೆದಾರರ ಕಡೆಯವರು ಒತ್ತಾಯಿಸಿದರು, ನಾನೂ ಒಪ್ಪಿದೆ. ರೋಟವೇಟರ್ ಹೊಡೆಯಲು ಬಂದಿದ್ದ ಅದೇ ಊರಿನ ರೈತ ಮಾತ್ರ ಹಿಡಿಮಣ್ಣು ಅಮುಕಿ ನೋಡಿ, "ಹಸಿ ಐತ್ರಿ ಸಾಹೇಬ್ರ, ಇನ್ನಾ ಹದಕ್ಕ ಬಂದಿಲ್ಲ. ಈಗ ಹೊಡದ್ರ ಬರೀ ಹೆಂಟಿ ಏಳ್ತಾವ" ಎಂದರು. ಅವರ ಮಾತಿಗೆ ಆಗಲೇ ಕಿವಿಗೊಡಬೇಕಿತ್ತು.

ಎರಡು ಸುತ್ತು ಹೊಡೆದ ಮೇಲೆ ಮೇಲ್ನೋಟಕ್ಕೆ ನೆಲವೆಲ್ಲ ಒಂದೇ ಬೂದುಬಣ್ಣಕ್ಕೆ ತಿರುಗಿ ಚೆನ್ನಾಗಿ ಬೆರೆತಂತೆಯೇ ಕಾಣುತ್ತಿತ್ತು. ರೋಲರ್ ಹತ್ತಿಸುವ ಮೊದಲು ಮುಷ್ಟಿಗಾತ್ರದ ಹೆಂಟೆಯೊಂದನ್ನು ಒಡೆದು ಅದರ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದೆ. ಸುಣ್ಣ ತಲುಪಿದ ಕಡೆ ಮಣ್ಣು ಕಡುಗುಲಾಬಿ ಬಣ್ಣಕ್ಕೆ ತಿರುಗಬೇಕು. ಹೊರಸಿಪ್ಪೆ ಮಾತ್ರ ಗುಲಾಬಿಯಾಯಿತು. ಒಳಗೆಲ್ಲ ಮೇಣದಂತೆ ಹೊಳೆಯುವ, ಹಸಿಹಸಿಯಾದ, ಏನೂ ತಾಗದ ಕಪ್ಪು. ಇನ್ನೂ ಹತ್ತಾರು ಹೆಂಟೆ ಒಡೆದೆ, ಎಲ್ಲವೂ ಹಾಗೆಯೇ ಇದ್ದವು.

ರಾಯಚೂರಿನ ಬೂದಿಯಲ್ಲಿ ಸುಣ್ಣದ ಅಂಶ ಕಡಿಮೆ, ಆದ್ದರಿಂದ ಅದು ತಾನಾಗಿ ಗಟ್ಟಿಯಾಗುವುದಿಲ್ಲ. ಹೊರಗಿನಿಂದ ಹಾಕಿದ ಸುಣ್ಣವು ನೀರಿನೊಡನೆ ಸೇರಿ ಕ್ಷಾರತೆಯನ್ನು ಏರಿಸಿದಾಗಲೇ ಬೂದಿಯ ಮತ್ತು ಮಣ್ಣಿನ ಸಿಲಿಕಾ ಕರಗಿ, ಸಿಮೆಂಟಿನಲ್ಲಿ ಆಗುವಂಥ ಬೆಸುಗೆ ನಿಧಾನವಾಗಿ ಹುಟ್ಟುತ್ತದೆ. ಸುಣ್ಣ ತಲುಪದ ಆ ಕಪ್ಪು ಮಣ್ಣು ರೋಲರ್ ಕೆಳಗೆ ಅಡಗಿ ಕೂತು, ಮೊದಲ ಮಳೆಗೇ ಉಬ್ಬಿ ಮೇಲಿನ ಡಾಂಬರನ್ನು ಸೀಳುತ್ತಿತ್ತು. ಹಾರುಬೂದಿಯಿಂದ ರಸ್ತೆ ಕೆಟ್ಟಿತೆಂಬ ದೂರು ಕೇಳಿದಾಗಲೆಲ್ಲ ನನಗೆ ಆ ಹೆಂಟೆ ನೆನಪಾಗುತ್ತದೆ.

ರೋಲರ್ ನಿಲ್ಲಿಸಿದೆ. ಒಂದಿಷ್ಟು ಬೇಸರದ ಮಾತುಗಳನ್ನು ಕೇಳಬೇಕಾಯಿತು. ಅದೃಷ್ಟಕ್ಕೆ ಮೋಡ ಚದುರಿತು. ಮರುದಿನವಿಡೀ ನೆಲವನ್ನು ಬಿಸಿಲಿಗೆ ಬಿಟ್ಟು, ಮೂರನೆಯ ದಿನ ಆ ರೈತರೇ ಹದ ನೋಡಿ ಹೂಂ ಎಂದ ಮೇಲೆ, ಕೊರತೆಯಾದ ಸುಣ್ಣವನ್ನು ಸೇರಿಸಿ ಮತ್ತೆ ನಾಲ್ಕು ಸುತ್ತು ಹೊಡೆಸಿದೆವು. ಈ ಸಲ ಟ್ರ್ಯಾಕ್ಟರ್ ಇಳಿದು ಬಂದು ಅವರೇ ಒಂದು ಉಂಡೆ ಆರಿಸಿ, ಎರಡು ಹೋಳು ಮಾಡಿ ನನ್ನ ಮುಂದೆ ಹಿಡಿದು, "ಇದಕ್ಕ ಹೊಡ್ರಿ, ನೋಡೂಣು" ಎಂದರು. ನಡುಮಧ್ಯದವರೆಗೂ ಗುಲಾಬಿ ಬಣ್ಣ ಹರಡಿತು.

ಅಂದೇ ಸಂಜೆ ರೋಲರ್ ಓಡಿಸಿ, ಎರಡೂ ತುದಿಗೆ ಜಾಲಿಮುಳ್ಳು ಅಡ್ಡಹಾಕಿ, ಏಳು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆವು.