ಶಿವನೆ ಕಟ್ಟಿಗೆಯಲ್ಲಿ ಎಸ್‌ಎಲ್: ಮೂರನೆಯ ಕಾರಿನ ಚಾವಣಿ

ಜೂನ್, ಎರಡನೆಯ ವಾರ

ಮರ್ಸಿಡಿಸ್-ಬೆಂಝ್ ಎಸ್‌ಎಲ್ ಕಾರಿನ ಪೀಳಿಗೆಗಳನ್ನು 1:18ರ ಅಳತೆಯಲ್ಲಿ ಕೆತ್ತುವ ಕೆಲಸವನ್ನು ಪುಣೆಯ ನಿಗಡಿಯಲ್ಲಿರುವ ನಮ್ಮ ಮನೆಯ ಬಾಲ್ಕನಿಯಲ್ಲಿ ಆರಂಭಿಸಿ ಹದಿನಾಲ್ಕು ತಿಂಗಳಾದವು. 1954ರ 300 ಎಸ್‌ಎಲ್ ಕೂಪೆ (ಗಟ್ಟಿ ಚಾವಣಿಯ ಕಾರು) ಮತ್ತು 1957ರ ತೆರೆದ ರೋಡ್‌ಸ್ಟರ್ ಮುಗಿದಿವೆ. ಈಗ ಮೇಜಿನ ಮೇಲಿರುವುದು 1963ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡು, ನಡುವೆ ತಗ್ಗಾದ ಚಾವಣಿಯ ಆಕಾರದಿಂದಾಗಿ ‘ಪಗೋಡ’ ಎಂದೇ ಹೆಸರಾದ 230 ಎಸ್‌ಎಲ್. ಮೂರೂ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2400 ಮಿಲಿಮೀಟರ್, ಅಂದರೆ ನನ್ನ ಅಳತೆಯಲ್ಲಿ ಸುಮಾರು 133 ಮಿಲಿಮೀಟರ್. ಹೀಗಾಗಿ ಮೊದಲ ಕಾರಿಗೆ ಮಾಡಿಕೊಂಡ ಜಿಗ್ಗನ್ನೇ (ತುಂಡುಗಳನ್ನು ಅಳತೆಗೆ ಸರಿಯಾಗಿ ಹಿಡಿದಿಡುವ ಚೌಕಟ್ಟು) ಇದಕ್ಕೂ ಬಳಸಿದೆ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಿಂದ ತಂದ ಶಿವನೆ ಕಟ್ಟಿಗೆಯ ತುಂಡಿನಲ್ಲಿ ಬಾನೆಟ್ಟು ಮತ್ತು ಡಿಕ್ಕಿಯ ಆಕಾರ ಮೂಡಿದೆ.

ಕೂಪೆಯ ಬಾಗಿಲು ಏಕೆ ಮೇಲಕ್ಕೆ ತೆರೆದುಕೊಳ್ಳುತ್ತದೆ ಎಂಬುದನ್ನು ನಾನು ಓದಿ ತಿಳಿದಿದ್ದರೂ, ಹಿತ್ತಾಳೆ ತಂತಿಯನ್ನು ಬಗ್ಗಿಸಿ ಅದರ ಚೌಕಟ್ಟನ್ನು ಬೆಸೆಯುವವರೆಗೆ ನಿಜವಾಗಿ ಅರ್ಥವಾಗಿರಲಿಲ್ಲ. 1952ರ ರೇಸಿನ ಕಾರಿಗಾಗಿ ರೂಪಿಸಿದ ಕೊಳವೆಗಳ ಚೌಕಟ್ಟು ಹಗುರವಾಗಿಯೂ ಗಟ್ಟಿಯಾಗಿಯೂ ಇರಬೇಕೆಂದರೆ ಎರಡೂ ಪಕ್ಕಗಳಲ್ಲಿ ಎತ್ತರವಾಗಿ ನಿಲ್ಲಬೇಕಿತ್ತು. ಆ ಎತ್ತರ ಮಾಮೂಲಿ ಬಾಗಿಲಿಗೆ ಜಾಗ ಉಳಿಸಲಿಲ್ಲವಾದ್ದರಿಂದ ಬಾಗಿಲಿನ ಕೀಲು ಚಾವಣಿಗೇ ಹೋಯಿತು. ಅದೇ ಕಾರಣಕ್ಕೆ ಎಂಜಿನ್ನನ್ನು ಎಡಕ್ಕೆ 50 ಡಿಗ್ರಿ ವಾಲಿಸಿ ಕೂಡಿಸಿದ್ದಾರೇನೋ ಎಂದು ನಾನು ಮೊದಲು ಎಣಿಸಿದ್ದೆ. ಅದು ಬಾನೆಟ್ಟನ್ನು ತಗ್ಗಿಸಲು ಮಾಡಿದ ಬೇರೆಯೇ ಏರ್ಪಾಡು. ಗಟ್ಟಿ ಚಾವಣಿ ಇಲ್ಲದ ರೋಡ್‌ಸ್ಟರ್ ಮಾಡುವಾಗ ಚೌಕಟ್ಟಿನ ಪಕ್ಕವನ್ನು ತಗ್ಗಿಸಿ ಸಾಮಾನ್ಯ ಬಾಗಿಲು ಕೊಟ್ಟರು. ನನ್ನ ಎರಡು ಮಾದರಿಗಳನ್ನು ಅಕ್ಕಪಕ್ಕ ಇಟ್ಟರೆ ಈ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ.

ಜುಲೈ

ಪಗೋಡದ ಚಾವಣಿ ಎರಡು ಬಾರಿ ಕೆಟ್ಟಿತು. ಉಬ್ಬಾದ ಚಾವಣಿಯನ್ನು ಮೊದಲು ಕೆತ್ತಿ, ಆಮೇಲೆ ನಡುವಿನಲ್ಲಿ ತಗ್ಗು ತೋಡುತ್ತಿದ್ದೆ. ಮೊದಲನೆಯದು ತಟ್ಟೆಯಂತಾಯಿತು, ಎರಡನೆಯದು ಅತಿ ತೆಳುವಾಗಿ ಬಿರಿಯಿತು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಮೂವತ್ತು ವರ್ಷ ಕಟ್ಟಿಗೆಯ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡಿದ ನನ್ನ ಸೋದರಮಾವ ಮನೆಗೆ ಬಂದಿದ್ದಾಗ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, “ತಗ್ಗು ಕೆತ್ತಬ್ಯಾಡೋ ತಮ್ಮಾ, ಅಂಚು ಎತ್ತು” ಎಂದರು.

ಮೂಲದ ಕಾರಿನ ತರ್ಕವೂ ಇದೇ. ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬಾರೆನ್ಯಿಯವರ ಕಲ್ಪನೆಯಿಂದ ಹುಟ್ಟಿ, ಪಾಲ್ ಬ್ರಾಕ್ ಅವರ ವಿನ್ಯಾಸದಲ್ಲಿ ರೂಪ ಪಡೆದ ಆ ಚಾವಣಿಯಲ್ಲಿ ಪಕ್ಕದ ಅಂಚುಗಳು ಮೇಲೆದ್ದಿವೆ. ಇದರಿಂದ ಪಕ್ಕದ ಗಾಜು ಎತ್ತರವಾಯಿತು, ಒಳಗೆ ಹೋಗಿ ಕುಳಿತುಕೊಳ್ಳುವುದು ಸುಲಭವಾಯಿತು, ತಗಡಿಗೆ ಬಿಗಿಯೂ ಬಂತು. ಹೀಗಿದ್ದೂ ಕಾರು ಮೇಲೆದ್ದಂತೆ ತೋರುವುದಿಲ್ಲ. 300 ಎಸ್‌ಎಲ್ ನಂತರ ಬಂದದ್ದು ಮೆತ್ತಗಿನ ಕಾರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದೇ 1963ರಲ್ಲಿ ಓಯ್ಗನ್ ಬ್ಯೋರಿಂಗರ್ 230 ಎಸ್‌ಎಲ್‌ನಲ್ಲಿ ಸ್ಪಾ-ಸೋಫಿಯಾ-ಲೀಯೆಜ್ ಎಂಬ ದೂರದ, ಕಠಿಣ ರ‍್ಯಾಲಿ ಗೆದ್ದರು. ಬಾಗಿಲು ದಾಟುವುದೇ ಒಂದು ಕಸರತ್ತಾಗಿದ್ದ ಕಾರಿನ ಹೆಸರು ಹೊತ್ತು, ದಿನನಿತ್ಯ ಬಳಸಬಲ್ಲ ಕಾರೊಂದು ಅಂಥ ರ‍್ಯಾಲಿಯನ್ನೂ ಗೆದ್ದದ್ದು ನನಗೆ ಇಡೀ ಸರಣಿಯ ಅತಿ ದೊಡ್ಡ ತಿರುವು.

ಆಗಸ್ಟ್, ಮೂರನೆಯ ವಾರ

ಮೂರನೆಯ ಚಾವಣಿಯನ್ನು ರಟ್ಟಿನ ಐದು ಅಚ್ಚುಪಟ್ಟಿಗಳನ್ನು ಹಿಡಿದು ಅಂಚಿನಿಂದ ಒಳಕ್ಕೆ ಕೆತ್ತಿದೆ. ಮಳೆಗಾಲದ ತೇವಕ್ಕೆ ಮೊದಲ ಪ್ರೈಮರ್ ಬೂದಿ ಬಳಿದಂತೆ ಬೆಳ್ಳಗಾದ್ದರಿಂದ ಎಲ್ಲವನ್ನೂ ನೀರಿನ ಉಪ್ಪುಕಾಗದದಿಂದ ಉಜ್ಜಿ ತೆಗೆದು, ಬಿಸಿಲು ಬಿದ್ದ ಒಂದು ಭಾನುವಾರ ಮತ್ತೆ ಹೊಡೆಯಬೇಕಾಯಿತು. ನಿನ್ನೆ ಚಾವಣಿ ಸಂದಿಲ್ಲದೆ ಕೂತಿತು. ಪಕ್ಕದಿಂದ ನೋಡಿದರೆ ತಗ್ಗು ಕಾಣುವುದೇ ಇಲ್ಲ, ಎದುರಿನಿಂದ ನೋಡಿದಾಗ ಮಾತ್ರ ಗೊತ್ತಾಗುತ್ತದೆ.

ಮುಂದಿನದು 1971ರಿಂದ 1989ರವರೆಗೆ ಹದಿನೆಂಟು ವರ್ಷ ತಯಾರಾದ, ಕಂಪನಿಯ ಸಂಕೇತದಲ್ಲಿ ಆರ್107 ಎನ್ನುವ ಪೀಳಿಗೆ. ಅದರ ಗಾಲಿಗಳ ಅಂತರ ಬೇರೆಯಾದ್ದರಿಂದ ಹೊಸ ಜಿಗ್ ಬೇಕು. ಕೊಳೆ ಕೂತರೂ ಬೆಳಕು ಹೊರಬೀಳಲೆಂದು ಗೀರುಗೀರಾಗಿ ಮಾಡಿದ ಅದರ ಹಿಂದಿನ ದೀಪಗಳೇ ನನಗೆ ಕಷ್ಟ ಕೊಡಲಿವೆ. 1989ರ ಆರ್129ಕ್ಕೆ, ಕಾರು ಉರುಳುವ ಸೂಚನೆ ಸಿಕ್ಕೊಡನೆ ತಾನಾಗಿ ಮೇಲೇಳುವ ರಕ್ಷಣಾ ಕಮಾನನ್ನು ಎದ್ದ ಸ್ಥಿತಿಯಲ್ಲೇ ತೋರಿಸುವೆ. 2001ರಲ್ಲಿ ಬಂದ, ಮಡಚಿಕೊಂಡು ಡಿಕ್ಕಿಯೊಳಗೆ ಇಳಿಯುವ ಲೋಹದ ಚಾವಣಿ ಜಾಣ್ಮೆಯದೇ ಆದರೂ ಸಾಮಾನಿನ ಜಾಗವನ್ನು ಕಬಳಿಸುತ್ತದೆ; 2021ರ ಕಾರಿನಲ್ಲಿ ಬಟ್ಟೆಯ ಚಾವಣಿ ಮರಳಿದ್ದು ನನಗೆ ಸಂತೋಷ ತಂದಿದೆ. ಅದರಲ್ಲಿ ಹಿಂದೆ ಎರಡು ಪುಟ್ಟ ಆಸನಗಳಿರುವುದರಿಂದ ಎರಡೇ ಆಸನಗಳ ನನ್ನ ಸರಣಿಗೆ ಅದು ಹೊರಗಿನದಾಗುತ್ತದೆ, ಆದರೂ ಆ ಚಾವಣಿಗಾಗಿ ಅದನ್ನು ಸೇರಿಸಿಕೊಳ್ಳುತ್ತೇನೆ.

ಆರ್107ಕ್ಕೆ ಬೇಕಾದ ಕಟ್ಟಿಗೆಯನ್ನು ಈ ಶನಿವಾರ ತಂದು ಒಣಗಲು ಇಡಬೇಕು.