ನಾಲ್ಕನೇ ಪ್ಲಗ್ಗಿನ ಗುಂಡಿಯಲ್ಲಿ ನೀರು

ಮಡಿಕೇರಿಲಿ ಗ್ಯಾರೇಜ್ ಇಟ್ಕೊಂಡು ಹದಿನಾರು ವರ್ಷ ಆಯ್ತು, ಮಳೆಗಾಲ ಅಂದ್ರೆ ನಮ್ಗೆ ಒಂಥರಾ ಸೀಸನ್ನು, ವೈಪರ್, ಬ್ರೇಕ್, ಬೆಲ್ಟ್ ಕಿರುಚೋದು, ಸ್ಟಾರ್ಟ್ ಆಗದೆ ಇರೋದು ಎಲ್ಲಾ ಒಟ್ಟಿಗೆ ಬರುತ್ತೆ. ಆದ್ರೂ ಕಳೆದ ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಕೊಡವ ಮಳೆ ತಿಂಗಳು) ಒಂದು ಗಾಡಿ ನನ್ನ ಮಾನ ಮೂರು ಸಲ ತೆಗೀತು, ಅದನ್ನ ಬರ್ಕೊಂಡ್ರೆ ನನ್ ಥರ ಬೇರೆ ಯಾರಾದ್ರೂ ಪ್ಲಗ್ಗಲ್ಲಿ ಕಿಡಿ ಹಾರಿಸೋ ಕಾಯಿಲಿಗೆ ಸುಮ್ನೆ ದುಡ್ಡು ಹಾಕಿಸೋದು ತಪ್ಪುತ್ತೇನೋ.

ಭಾಗಮಂಡಲ ಕಡೆಯ ಪ್ಲಾಂಟರ್ ಒಬ್ರದ್ದು ಪೆಟ್ರೋಲ್ ಫೋರ್ ಬೈ ಫೋರ್. ಅವ್ರ ಮಗ ಊರಿಂದ ಹೊರಗೆ ಯಾವುದೋ ಅಂಗಡೀಲಿ ಬಾನೆಟ್ ಕೊಯ್ಸಿ ಎರಡು ವೆಂಟ್ ಕೂರ್ಸಿದ್ದ, ಎಂಜಿನ್ ಬಿಸಿ ಹೊರಗೆ ಹೋಗ್ಲಿ ಅಂತ. ನೋಡೋಕೆ ಚೆನ್ನಾಗೇ ಇತ್ತು ಬಿಡಿ. ಆದ್ರೆ ಜುಲೈ ತಿಂಗಳ ಭಾಗಮಂಡಲದಲ್ಲಿ ಯಾವ ಬಿಸಿ ಮಾರಾಯ್ರೆ, ಅಲ್ಲಿ ಒಗ್ದ ಬನಿಯನ್ ವಾರ ಆದ್ರೂ ಒಣಗಲ್ಲ.

ಕಂಪ್ಲೇಂಟ್ ಏನಂದ್ರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಗಡಗಡ ಅಂತ ಮಿಸ್ಸಿಂಗ್ (ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಎಂಜಿನ್ ಅದುರೋದು), ಎಂಜಿನ್ ಚೆಕ್ ಲೈಟ್ ಮಿಣಮಿಣ ಅಂತ ಬಡ್ಕೊಳ್ಳೋದು, ಹತ್ತು ಹದಿನೈದು ಕಿಲೋಮೀಟರ್ ಓಡಿದ್ಮೇಲೆ ಸರಿ ಹೋಗೋದು. ನನ್ನ ಹತ್ರ ಬಂದಾಗ ಎಂಜಿನ್ ಬೆಣ್ಣೆ ಥರ ಓಡ್ತಿತ್ತು. ಸ್ಕ್ಯಾನರ್ ಹಾಕಿದ್ರೆ ಪಿ0304, ಅಂದ್ರೆ ನಾಲ್ಕನೇ ಸಿಲಿಂಡರ್ ಮಿಸ್‌ಫೈರ್. ಅವತ್ತು ಶೆಡ್ಡಲ್ಲಿ ಆರು ಗಾಡಿ ಸಾಲಲ್ಲಿ ನಿಂತಿತ್ತು, ನಾನು ಹೆಚ್ಚು ಯೋಚ್ನೆ ಮಾಡದೆ ನಾಲ್ಕನೇ ಕಾಯಿಲ್ ಬದ್ಲಾಯಿಸಿ ಕಳಿಸ್ಬಿಟ್ಟೆ. ಮಾಡಬೇಕಾಗಿದ್ದು ಏನಂದ್ರೆ ಒಂದನೇ ಕಾಯಿಲ್ ನಾಲ್ಕಕ್ಕೆ, ನಾಲ್ಕನೇದು ಒಂದಕ್ಕೆ ಹಾಕಿ ಓಡ್ಸಿ ನೋಡೋದು, ಮಿಸ್ಸಿಂಗ್ ಕಾಯಿಲ್ ಜೊತೆ ಹೋದ್ರೆ ಕಾಯಿಲ್ ಕೆಟ್ಟಿದೆ, ನಾಲ್ಕರಲ್ಲೇ ಉಳಿದ್ರೆ ಕಾರಣ ಬೇರೆ ಇದೆ. ಐದು ನಿಮಿಷದ ಕೆಲಸ. ಹುಡುಗರಿಗೆ ಪಾಠ ಹೇಳೋವಾಗ ಇದನ್ನೇ ಮೊದ್ಲು ಹೇಳ್ತೀನಿ, ನಾನೇ ಮಾಡ್ಲಿಲ್ಲ.

ನಾಲ್ಕು ದಿನಕ್ಕೆ ಗಾಡಿ ವಾಪಸ್. ಈ ಸಲ ಕಾಯಿಲ್ ಎಳೆದು ಟಾರ್ಚ್ ಬಿಟ್ಟು ನೋಡಿದೆ, ಪ್ಲಗ್ ಕೂರೋ ಗುಂಡಿಯ ತಳದಲ್ಲಿ ತುಕ್ಕಿನ ಉಂಗುರ, ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಪೆನ್ಸಿಲಲ್ಲಿ ಗೀಚಿದ ಹಾಗೆ ಉದ್ದಕ್ಕೆ ಒಂದು ಕಪ್ಪು ಗೆರೆ. ಆ ಗೆರೆ ನೋಡಿದ್ರೆ ಸಾಕು, ಸ್ಪಾರ್ಕ್ ಒಳಗೆ ಹಾರದೆ ಒದ್ದೆ ಪಿಂಗಾಣಿ ಹೊರಗಿಂದ ಜಾರಿ ಎಂಜಿನ್ನಿನ ಲೋಹಕ್ಕೆ ಇಳಿದಿದೆ ಅಂತ ಅರ್ಥ. ನೀರು ಹೋಗಿದೆ ಅಂತ ಗೊತ್ತಾಯ್ತು, ಎಲ್ಲಿಂದ ಅಂತ ಕೇಳ್ಕೊಳ್ಳೋ ಬದ್ಲು ನನ್ ಬಾಯಲ್ಲಿ ಬಂದಿದ್ದು, "ಸಾರ್, ಯಾರೋ ಬಾನೆಟ್ ಒಳಗೆ ಪ್ರೆಶರ್ ಪೈಪ್ ಹಿಡ್ದಿದ್ದಾರೆ."

ಅದೊಂದು ಮಾತು ಇವತ್ತಿಗೂ ಚುಚ್ಚುತ್ತೆ. ಸಾಹುಕಾರ್ರು ಅಲ್ಲೇ ಡ್ರೈವರ್ ಕಡೆ ತಿರುಗಿ ಬೈದ್ರು. ಅವ್ನು "ಇಲ್ಲ ಸಾರ್, ಹೊರಗಡೆ ಮಾತ್ರ ತೊಳೆಯೋದು" ಅಂತ ಎರಡು ಸಲ ಹೇಳ್ದ, ಆಮೇಲೆ ಸುಮ್ನಾದ. ನಾನು ಪ್ಲಗ್ ಬದ್ಲಾಯಿಸಿ, ಕಾಯಿಲ್ ರಬ್ಬರಿಗೆ ಸಿಲಿಕಾನ್ ಗ್ರೀಸ್ ಹಚ್ಚಿ ಬಿಲ್ ಬರ್ದೆ. (ಇಲ್ಲಿ ಒಂದು ಮಾತು, ಗುಂಡೀಲಿ ನೀರಿದ್ದಾಗ ಪ್ಲಗ್ ಬಿಚ್ಚೋಕೆ ಹೋಗ್ಬೇಡಿ, ಬಿಚ್ಚಿದ್ರೆ ಅದು ನೇರ ಸಿಲಿಂಡರ್ ಒಳಗೆ ಇಳಿಯುತ್ತೆ. ಮೊದ್ಲು ಹೀರಿ ತೆಗೀರಿ, ಆಮೇಲೆ ಏರ್ ಹೊಡೀರಿ, ಆಮೇಲೆ ಸ್ಪ್ಯಾನರ್.)

ಮೂರನೇ ಸಲ ಫೋನ್ ಬಂದಿದ್ದು ಆಗಸ್ಟ್ 4ಕ್ಕೆ, ಅಂದ್ರೆ ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡ್ತೀವಲ್ಲ, ಆ ಮದ್ದು ಪಾಯಸದ ಮಾರನೇ ದಿನ. ಫೋನಲ್ಲಿ ಬೈತಾ ಬೈತಾ ಅವ್ರು ಒಂದು ಮಾತು ಹೇಳಿದ್ರು, "ನಿನ್ನೆ ನಾಲ್ಕು ಇಂಚು ಹೊಡ್ದಿದೆ, ಅವತ್ತೂ ಹಾಗೇ, ದೊಡ್ಡ ಮಳೆ ಬಂದ ಮಾರನೇ ದಿನವೇ ಇದರ ಕಾಟ." ನಮ್ಮಲ್ಲಿ ತೋಟದವ್ರು ಎಲ್ರೂ ಬೆಳಿಗ್ಗೆ ಎದ್ದು ಮಳೆ ಅಳೆದು ಇಂಚು ಸೆಂಟಲ್ಲಿ (ನೂರು ಸೆಂಟಿಗೆ ಒಂದು ಇಂಚು) ಪುಸ್ತಕದಲ್ಲಿ ಬರೀತಾರಲ್ಲ. ಆ ಪುಸ್ತಕ ನೋಡಿ ಹೇಳಿ ಸಾರ್ ಅಂದೆ. ಮಿಸ್ಸಿಂಗ್ ಬಂದ ಎಲ್ಲಾ ದಿನದ ಹಿಂದಿನ ರಾತ್ರಿನೂ ಎರಡು ಇಂಚು ದಾಟಿತ್ತು. ಸಣ್ಣ ಮಳೆ ದಿನ ಒಂದೂ ಇಲ್ಲ. ನನ್ನ ಸ್ಕ್ಯಾನರ್ ಹೇಳದೇ ಇದ್ದಿದ್ದನ್ನ ಅವ್ರ ಮಳೆ ಪುಸ್ತಕ ಹೇಳ್ತು.

ಮಾರನೇ ದಿನ ಬೆಳಿಗ್ಗೆ ಆರು ಗಂಟೆಗೆ ಅವ್ರ ಮನೆ ಹತ್ರ ಇದ್ದೆ, ಮಳೆ ಹುಯ್ತಾನೇ ಇತ್ತು. ಗಾಡಿ ನಿಲ್ಸೋ ಜಾಗ ನೋಡಿದ ಕೂಡ್ಲೆ ಅರ್ಧ ಉತ್ತರ ಸಿಕ್ತು. ಅಂಗಳ ಏರು, ಗಾಡಿ ಮೂತಿ ಮೇಲೆ ಮಾಡ್ಕೊಂಡು ಬಯಲಲ್ಲಿ ನಿಂತಿದೆ, ಮೇಲೆ ಶೀಟ್ ಇಲ್ಲ. ಬಾನೆಟ್ ಮೆಲ್ಲಗೆ ಎತ್ತಿ ಟಾರ್ಚ್ ಬಿಟ್ಟೆ. ವೆಂಟ್ ಒಳಗಿಂದ ಟಪ್ ಟಪ್ ಅಂತ ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಮೇಲೆ ಬೀಳ್ತಿದೆ, ಅಲ್ಲಿಂದ ಸಣ್ಣ ಹಳ್ಳದ ಹಾಗೆ ಹಿಂದಕ್ಕೆ ಹರಿದು, ಕವರಿನ ಕೊನೆಯಿಂದ ಜಾರಿ ನೇರ ನಾಲ್ಕನೇ ಕಾಯಿಲ್ ತಲೆ ಮೇಲೆ. ರೇಡಿಯೇಟರ್ ಕಡೆಯಿಂದ ಎಣಿಸಿದ್ರೆ ನಾಲ್ಕನೇದೇ ಹಿಂದಿಂದು, ಗಾಡಿ ಹಿಂದಕ್ಕೆ ವಾಲಿದ್ರೆ ನೀರಿಗೆ ಅದೇ ದಾರಿ. ನನ್ನ ಶೆಡ್ಡು ಸಮ, ಮೇಲೆ ಶೀಟು, ಅಲ್ಲಿಗೆ ಬರೋಷ್ಟರಲ್ಲಿ ಎಂಜಿನ್ ಬಿಸಿಗೆ ಒಣಗಿರುತ್ತೆ. ಅಲ್ಲಿ ಎಷ್ಟು ಹೊತ್ತು ನೋಡಿದ್ರೂ ಎಂಥ ಸಿಗುತ್ತೆ.

ಆಮೇಲೆ ಟೇಪ್ ಹಿಡ್ದೆ. ಒಂದೊಂದು ವೆಂಟ್ 30 ಸೆಂಟಿಮೀಟರ್ ಉದ್ದ 12 ಅಗಲ, ಎರಡೂ ಸೇರಿ 720 ಚದರ ಸೆಂಟಿಮೀಟರ್. ನಾಲ್ಕು ಇಂಚು ಅಂದ್ರೆ ಹತ್ತು ಸೆಂಟಿಮೀಟರ್ ಚಿಲ್ರೆ ಮಳೆ. ಗುಣಿಸಿ ನೋಡಿ, ಏಳು ಲೀಟರ್ ದಾಟುತ್ತೆ! ವೆಂಟಿನ ರೆಕ್ಕೆಗಳು ಅರ್ಧ ತಡೆದ್ವು ಅಂತಾನೇ ಇಟ್ಕೊಳ್ಳಿ, ಮೂರೂವರೆ ಲೀಟರ್ ರಾತ್ರಿಯೆಲ್ಲಾ ಎಂಜಿನ್ ಮೇಲೆ.

ವೆಂಟ್ ಹಾಕೋದೇ ತಪ್ಪು ಅಂತ ನಾನು ಹೇಳಲ್ಲ. ಹಳೇ 3.0 ಲೀಟರ್ ಡೀಸೆಲ್ ಫಾರ್ಚುನರ್ ಬಾನೆಟ್ ಮೇಲೂ ಬಾಯಿ ಇದೆ, ಆದ್ರೆ ಅದರ ಕೆಳಗೆ ಕೂತಿರೋದು ಟರ್ಬೊ ಗಾಳಿ ತಂಪು ಮಾಡೋ ಇಂಟರ್‌ಕೂಲರ್, ಅಲ್ಯೂಮಿನಿಯಂ ಜಾಲರಿಗೆ ನೀರು ಬಿದ್ರೆ ಏನಾಗುತ್ತೆ, ತಂಪಾಗುತ್ತೆ ಅಷ್ಟೆ. ಮಾಂದಲಪಟ್ಟಿಗೆ ಟೂರಿಸ್ಟ್ ಹತ್ತಿಸೋ ಹಳೇ ಡೀಸೆಲ್ ಜೀಪುಗಳಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಏರ್ ಫಿಲ್ಟರ್ ಬಾಯಿಗೆ ನೀರು ಹೋಗದಿದ್ರೆ ಬಾನೆಟ್ ಒಳಗೆ ಎಷ್ಟು ಒದ್ದೆ ಆದ್ರೂ ಹತ್ತುತ್ವೆ. ಓಡ್ತಾ ಇರೋವಾಗ್ಲೂ ಅಂಥ ತೊಂದ್ರೆ ಇಲ್ಲ, ವೆಂಟ್ ಬಾನೆಟ್ ಮುಂಭಾಗದಲ್ಲಿದ್ರೆ ಒಳಗಿನ ಗಾಳಿ ಹೊರಗೆ ನುಗ್ತಾ ನೀರನ್ನ ತಳ್ಳುತ್ತೆ, ಮುಂದಿನ ಗ್ಲಾಸಿನ ಬುಡಕ್ಕೆ ಹತ್ರ ಹಾಕಿದ್ರೆ ಮಾತ್ರ ಅಲ್ಲಿ ಗಾಳಿ ಒತ್ತಡ ಜಾಸ್ತಿ, ಉಲ್ಟಾ ಒಳಗೇ ಬರುತ್ತೆ. ಅಪಾಯ ಇರೋದು ನಿಂತ ಗಾಡಿಗೆ, ಕೆಳಗೆ ಕಾಯಿಲು, ಫ್ಯೂಸ್ ಬಾಕ್ಸು, ಆಲ್ಟರ್ನೇಟರ್ ಇದ್ರೆ.

ರಿಪೇರಿ ಅಂದ್ರೆ ವೆಂಟ್ ಕೆಳಗೆ ಒಂದು ಇಂಚು ಬಿಟ್ಟು ಅಲ್ಯೂಮಿನಿಯಂ ತಟ್ಟೆ, ಬಿಸಿ ಗಾಳಿ ಪಕ್ಕದಿಂದ ಹೋಗ್ಲಿ ಅಂತ, ತಟ್ಟೆಗೆ ತೂತು, ತೂತಿಗೆ ರಬ್ಬರ್ ಪೈಪ್, ಪೈಪ್ ಚಕ್ರದ ಒಳಗಡೆಗೆ. ಇಲ್ಲೂ ಒಂದು ಎಡವಟ್ಟು ಮಾಡ್ದೆ, ತೂತು ಮುಂದಕ್ಕೆ ಮಾತ್ರ ಇಟ್ಟೆ. ಗಾಡಿ ಮೂತಿ ಮೇಲೆ ಮಾಡಿ ನಿಲ್ಸೋದು ಅಂತ ಈಗಷ್ಟೆ ಕಣ್ಣಾರೆ ನೋಡಿದ್ದೀನಿ, ಆದ್ರೂ! ಒಂದು ಚೊಂಬು ನೀರು ಹುಯ್ದು ನೋಡಿದಾಗ ಹಿಂದಿಂದ ಉಕ್ಕಿ ಮತ್ತೆ ಅದೇ ಕಾಯಿಲ್ ಮೇಲೆ. ಬಿಚ್ಚಿ ಎರಡೂ ಕಡೆ ತೂತು ಮಾಡಿ, ಸಿಲ್ವರ್ ಓಕ್ ಎಲೆ ಕಟ್ಕೊಳ್ಳದ ಹಾಗೆ ಮೇಲೆ ಜಾಲರಿ ಹಾಕ್ದೆ. ಅದೇ ಕೈಯಲ್ಲಿ ವೈಪರ್ ಕೆಳಗಿನ ಪ್ಲಾಸ್ಟಿಕ್ ಎತ್ತಿದ್ರೆ ಅಲ್ಲಿ ಒಂದು ಬೊಗಸೆ ಕೊಳೆತ ಎಲೆ, ನೀರು ಹೋಗೋ ತೂತು ಪೂರ್ತಿ ಮುಚ್ಚಿತ್ತು. ಅದು ತುಂಬಿದ್ರೆ ಬ್ಲೋವರ್ ಮೂಲಕ ಒಳಗಿನ ಮ್ಯಾಟ್ ಒದ್ದೆ ಆಗುತ್ತೆ, ಮಳೆಗಾಲಕ್ಕೆ ಮುಂಚೆ ಎಲ್ರೂ ಒಂದ್ಸಲ ನೋಡ್ಕೊಳ್ಳಿ.

ಚೆಕ್ ಲೈಟ್ ಮಿಣುಕ್ತಾ ಇದ್ರೂ ಓಡಿಸ್ಕೊಂಡು ಬಂದಿದ್ರು ಅಂದ್ನಲ್ಲ, ಅದೂ ಸರಿಯಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೊಗೆ ಶುದ್ಧ ಮಾಡೋ ಕೆಟಲಿಟಿಕ್ ಕನ್ವರ್ಟರಲ್ಲಿ ಹೋಗಿ ಉರಿಯುತ್ತೆ, ಅದು ಹಾಳಾದ್ರೆ ಕಾಯಿಲ್ ರೇಟು ಏನೂ ಅಲ್ಲ ಅನ್ಸುತ್ತೆ. ಇವ್ರದ್ದು ಅದೃಷ್ಟಕ್ಕೆ ಉಳಿದಿತ್ತು.

ಕಾಯಿಲ್ ದುಡ್ಡು ವಾಪಸ್ ಕೊಟ್ಟೆ, ತಗೊಳ್ಳೋಕೆ ಸ್ವಲ್ಪ ಗಲಾಟೆ ಮಾಡಿದ್ರು. ಡ್ರೈವರ್ ಹತ್ರ ಸಾಹುಕಾರ್ರ ಎದುರಿಗೇ "ತಪ್ಪಾಯ್ತು ಮಾರಾಯ, ನೀನು ಪೈಪ್ ಹಿಡ್ದಿರ್ಲಿಲ್ಲ" ಅಂದೆ. ಅವ್ನು "ಬಿಡಿ ಅಣ್ಣ" ಅಂದ, ಜಾಸ್ತಿ ಮಾತಾಡ್ಲಿಲ್ಲ. ವಾರ ಬಿಟ್ಟು ಫೋನ್ ಮಾಡಿದಾಗ ಗೊತ್ತಾಯ್ತು, ಪೈಪಿನ ಬಾಯಿಗೆ ಒಂದು ಐದು ಲೀಟರ್ ಕ್ಯಾನ್ ಇಟ್ಟಿದ್ದಾನಂತೆ, ಬೆಳಿಗ್ಗೆ ಸಾಹುಕಾರ್ರು ಮಳೆ ಅಳೆಯೋವಾಗ ಇವ್ನು ಕ್ಯಾನ್ ಅಳೀತಾನಂತೆ. ಹಿಂದಿನ ರಾತ್ರಿ ಮಳೆ ಮೂರು ಇಂಚು, ಕ್ಯಾನಲ್ಲಿ ಎರಡು ಲೀಟರ್ ಮೇಲೆ, ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟು.