ಚಿಕ್ಕಮ್ಮನ ಪಾಡ್‌ಕಾಸ್ಟಿಗೆ ಒಂದು ಫೋಟೊ

ಮೇ ತಿಂಗಳ ಮೊದಲ ವಾರ ಚಿಕ್ಕಮ್ಮ ಫೋನ್ ಮಾಡಿ, "ಕ್ಯಾಮೆರಾ ತಗೊಂಡು ಒಂದ್ಸಲ ಬಾರೇ, ಒಂದು ಫೋಟೊ ಬೇಕಾಗಿದೆ" ಅಂದರು. ಯಾತಕ್ಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಪಾಡ್‌ಕಾಸ್ಟ್ ಶುರು ಮಾಡೋಣ ಅಂತಿದೀನಿ. ಅದಕ್ಕೆ ಮುಖ ಹಾಕಬೇಕಂತೆ" ಅಂದರು.

ಆ ಮಾತಿಲ್ಲದ ಹೊತ್ತು ಯಾಕೆ ಬಂತು ಅಂತ ನನಗೆ ಗೊತ್ತಿತ್ತು. ಚಿಕ್ಕಮ್ಮ ಮೈಸೂರು ಆಕಾಶವಾಣಿಯಲ್ಲಿ 22 ವರ್ಷ ಹಂಗಾಮಿ ಉದ್ಘೋಷಕಿಯಾಗಿದ್ದವರು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಊರು ಇದು, 'ಆಕಾಶವಾಣಿ' ಅನ್ನುವ ಹೆಸರು ಬಳಕೆಗೆ ಬಂದದ್ದೂ ಇಲ್ಲೇ. ಇಲ್ಲಿಯ ಜನ ದನಿ ಗುರುತು ಹಿಡಿಯುತ್ತಾರೆ. ದೇವರಾಜ ಮಾರುಕಟ್ಟೆಯಲ್ಲಿ ಚಿಕ್ಕಮ್ಮ "ಮಲ್ಲಿಗೆ ಮೊಳ ಎಷ್ಟಪ್ಪಾ" ಅಂದರೆ ಪಕ್ಕದಲ್ಲಿ ನಿಂತವರು ತಿರುಗಿ, "ನೀವು ರೇಡಿಯೋದವರಲ್ವಾ?" ಅಂದದ್ದನ್ನು ನಾನೇ ಎರಡು ಸಲ ಕೇಳಿದ್ದೇನೆ. ಆದರೆ ಮುಖ? ಮದುವೆಗೂ ಮುಂಚೆ ಒಂದು ಕಡೆ ಕ್ಯಾಮೆರಾ ಪರೀಕ್ಷೆಗೆ ಹೋಗಿದ್ದಾಗ ಅಲ್ಲಿದ್ದ ಹಿರಿಯರೊಬ್ಬರು, "ದನಿ ಬಂಗಾರ, ಮುಖ ಮಾತ್ರ ಕ್ಯಾಮೆರಾಗೆ ಒಗ್ಗಲ್ಲಮ್ಮ, ಬಣ್ಣ ಕಮ್ಮಿ" ಅಂದಿದ್ದರಂತೆ. ನಮ್ಮ ಮನೆಯ ಅಷ್ಟೂ ಮದುವೆ ಆಲ್ಬಮ್ಮುಗಳಲ್ಲಿ ಚಿಕ್ಕಮ್ಮ ಹಿಂದಿನ ಸಾಲಿನಲ್ಲಿ, ಯಾರದೋ ಹೆಗಲ ಮರೆಯಲ್ಲಿ ನಿಂತಿರುತ್ತಾರೆ. ಅವುಗಳಲ್ಲಿ ನಾಲ್ಕು ಆಲ್ಬಮ್ಮು ತೆಗೆದವಳು ನಾನೇ. ಈ ಫೋಟೊವನ್ನು ಬೇಗ ಮುಗಿಸಿ ಕೊಡುವ ಮನಸ್ಸು ನನಗಿರಲಿಲ್ಲ.

ಮೊದಲು ಕ್ಯಾಮೆರಾ ಮುಟ್ಟಲಿಲ್ಲ. ಅವರು ರೆಕಾರ್ಡ್ ಮಾಡಿಟ್ಟಿದ್ದ ಎರಡು ಕಂತು ಕೇಳಿದೆ. ಶ್ರೋತೃಗಳು ಬರೆಯುತ್ತಿದ್ದ ಕಾಗದಗಳ ಕಥೆಗಳು ಅವು. ಹದಿನೈದು ಪೈಸೆಯ ಕಾರ್ಡಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಡು ಕೇಳಿದವರು, ಹಾಡಿನ ಜೊತೆ ತಮ್ಮ ಮನೆ ಸುದ್ದಿಯನ್ನೂ ಬರೆದವರು. ಚಿಕ್ಕಮ್ಮ ಅವಸರ ಮಾಡುವುದಿಲ್ಲ. ಒಂದು ವಾಕ್ಯ ಮುಗಿಸಿ ನಿಲ್ಲುತ್ತಾರೆ, ಕೇಳುವವರಿಗೆ ಜಾಗ ಬಿಡುತ್ತಾರೆ, ಮತ್ತೆ ಮುಂದಕ್ಕೆ ಹೋಗುತ್ತಾರೆ. ಆ ನಿಲುಗಡೆ ಫೋಟೊದಲ್ಲಿ ಬರಬೇಕು ಅಂತ ಅವತ್ತೇ ಪುಸ್ತಕದಲ್ಲಿ ಬರೆದುಕೊಂಡೆ. ಹಲ್ಲು ಕಾಣುವ ನಗು ಬೇಡ. ಕೈಕಟ್ಟಿ ನಿಲ್ಲುವುದು ಬೇಡ. ಬಾಯಿಗೆ ಅಡ್ಡವಾಗಿ ಮೈಕ್, ಕಿವಿ ತುಂಬ ಹೆಡ್‌ಫೋನ್ ಬೇಡವೇ ಬೇಡ. ಪಾಡ್‌ಕಾಸ್ಟ್ ಅಂತ ಗೊತ್ತಿದ್ದೇ ಜನ ಆ ಪುಟಕ್ಕೆ ಬಂದಿರುತ್ತಾರೆ, ಮೈಕ್ ತೋರಿಸಿ ಅವರಿಗೆ ಹೊಸದೇನೂ ಹೇಳಿದಂತಾಗುವುದಿಲ್ಲ. ಅದು ಮುಖದ ಕಾಲುಭಾಗ ಮುಚ್ಚುತ್ತದೆ, ಅಷ್ಟೇ.

ಪಾಡ್‌ಕಾಸ್ಟ್ ಕವರು, ಅಂದರೆ ಆ್ಯಪಿನಲ್ಲಿ ಕಾರ್ಯಕ್ರಮದ ಗುರುತಾಗಿ ಕಾಣುವ ಚಿತ್ರ, ಚೌಕ. ಆಪಲ್ ಪಾಡ್‌ಕಾಸ್ಟ್ಸ್ ಕೇಳುವ ಅಳತೆ ಕನಿಷ್ಠ 1400 × 1400 ಪಿಕ್ಸೆಲ್, ಗರಿಷ್ಠ 3000 × 3000. ದೊಡ್ಡದನ್ನೇ ಕೊಡುವುದು ಒಳ್ಳೆಯದು. ನನ್ನ ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು, ಅಂದರೆ 6000 × 4000. ಚೌಕ ಕತ್ತರಿಸಿದರೆ 4000 × 4000 ಉಳಿಯುತ್ತದೆ, ಧಾರಾಳ. ಕ್ಯಾಮೆರಾ ಇಲ್ಲದವರಿಗೂ ತೊಂದರೆಯಿಲ್ಲ. 12 ಮೆಗಾಪಿಕ್ಸೆಲ್ ಫೋನಿನ ಚಿತ್ರ 4032 × 3024 ಇರುತ್ತದೆ, ಚೌಕ ಮಾಡಿದರೂ 3024 ಸಿಗುತ್ತದೆ. ಆದರೆ ಆಮೇಲೆ ಹತ್ತಿರಕ್ಕೆ ಕತ್ತರಿಸೋಣ ಅಂದರೆ ಜಾಗವಿರುವುದಿಲ್ಲ, ತೆಗೆಯುವಾಗಲೇ ಚೌಕಟ್ಟು ಸರಿಯಾಗಿರಬೇಕು. ಹಾಗಂತ ಫೋನನ್ನು ಮೂಗಿನ ಹತ್ತಿರ ಹಿಡಿಯಬೇಡಿ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಹಿಂದಕ್ಕೆ ಹೋಗುತ್ತದೆ. ಒಂದೂವರೆ ಎರಡು ಮೀಟರ್ ದೂರ ನಿಂತು, ಫೋನಿನಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇದ್ದರೆ ಅದನ್ನೇ ಬಳಸಿ.

ಈ 3000 ಪಿಕ್ಸೆಲ್ಲನ್ನು ಆ ಅಳತೆಯಲ್ಲಿ ಯಾರೂ ನೋಡುವುದಿಲ್ಲ ಅನ್ನುವುದೇ ಈ ಕೆಲಸದ ಕಷ್ಟ. ಫೋನಿನ ಪಟ್ಟಿಯಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟು. ಮದುವೆ ಫೋಟೊ ಆದರೆ ಗೋಡೆಗೆ ಹಾಕುತ್ತಾರೆ, ಜರಿಯ ಎಳೆ ಎಳೆ ಕಾಣಬೇಕು. ಇಲ್ಲಿ ಉಗುರಿನಷ್ಟು ಜಾಗದಲ್ಲಿ ಮುಖ ಮುಖವಾಗಿಯೇ ಕಾಣಬೇಕು, ಹೆಸರನ್ನು ಓದಲಿಕ್ಕಾಗಬೇಕು. ಅದಕ್ಕೇ ತೆಗೆಯುವ ಹಿಂದಿನ ದಿನ ಒಂದು ಪರೀಕ್ಷೆ ಮಾಡಿದೆ. ಹಳೆಯ ಒಂದು ಫೋಟೊದಲ್ಲಿ ಚಿಕ್ಕಮ್ಮನ ಮುಖವನ್ನು ಮೂರು ಅಳತೆಯಲ್ಲಿ ಕತ್ತರಿಸಿ, ಫೋನಿಗೆ ಹಾಕಿ, ಕೈ ಚಾಚಿ ಹಿಡಿದು ನೋಡಿದೆ. ಸೊಂಟದವರೆಗಿನದು ಯಾರದೆಂದೇ ತಿಳಿಯಲಿಲ್ಲ. ಎದೆಯವರೆಗಿನದು ಪರವಾಗಿಲ್ಲ. ಹೆಗಲಿನ ಸ್ವಲ್ಪ ಕೆಳಗೆ ಕತ್ತರಿಸಿದ್ದರಲ್ಲಿ ಮಾತ್ರ ಕಣ್ಣು ಕಂಡಿತು.

ಚಿಕ್ಕಮ್ಮನ ಮನೆ ಸರಸ್ವತೀಪುರಂನಲ್ಲಿ, ಹಳೆಯ ಕಾಲದ ಮನೆ. ನಡುಮನೆಗೆ ಉತ್ತರಕ್ಕೆ ದೊಡ್ಡ ಕಿಟಕಿ. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ, ಇಡೀ ದಿನ ಮೆತ್ತಗಿನ ಬೆಳಕು ಅಂತ ಫೋಟೊಗ್ರಫಿ ಕಲಿಸುವವರು ಹೇಳುತ್ತಾರೆ. ತಣ್ಣನೆಯ ದೇಶಗಳಿಗೆ ಅದು ಬಹುಮಟ್ಟಿಗೆ ನಿಜ. ನಮ್ಮ ಮೈಸೂರು ಇರುವುದು 12 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಹಿಂದಿನ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನೋಡಿದರೆ ಕಿಟಕಿಯಿಂದ ಬಿಸಿಲು ಓರೆಯಾಗಿ ನುಗ್ಗಿ ನೆಲದ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು. ಅಲ್ಲೇ ಕಾದು ಕೂತೆ. ಹನ್ನೊಂದರ ಹೊತ್ತಿಗೆ ಸೂರ್ಯ ಮೇಲೇರಿ, ಕಿಟಕಿಯ ಮೇಲಿನ ಸಜ್ಜಾ ಬಿಸಿಲನ್ನು ಪೂರಾ ತಡೆಯಿತು. ಹೊರಗಿನ ಅಂಗಳಕ್ಕೆ ಬಿದ್ದ ಬೆಳಕು ಮಾತ್ರ ಒಳಗೆ ಬರುತ್ತಿತ್ತು, ನನಗೆ ಬೇಕಾದ ಹಾಗೆ. ಮರುದಿನ ಹನ್ನೊಂದಕ್ಕೆ ಅಂತ ನಿಗದಿ ಮಾಡಿದೆ. ಒಂದು ದಿನ ಮುಂಚೆ ಹೋಗಿ ಬೆಳಕು ನೋಡುವ ಈ ಅಭ್ಯಾಸವನ್ನು ನಾನು ಎಷ್ಟೇ ಕೆಲಸವಿದ್ದರೂ ಬಿಡುವುದಿಲ್ಲ.

ಸೀರೆಯ ಬಗ್ಗೆ ಅರ್ಧ ಗಂಟೆ ಮಾತಾಯಿತು. ಚಿಕ್ಕಮ್ಮನಿಗೆ ಇಳಕಲ್ ಸೀರೆ ಉಡುವ ಆಸೆ. ಅವರ ಹತ್ತಿರ ಇರುವುದು ಸಣ್ಣ ಚೌಕಳಿಯದು. ಅಷ್ಟು ಸಣ್ಣ ಚೌಕಳಿ ಚಿತ್ರ ಕುಗ್ಗಿದಾಗ ಅಲೆ ಅಲೆಯಾಗಿ ಬಣ್ಣ ಬಿಟ್ಟ ಹಾಗೆ ಕಾಣುತ್ತದೆ. ಫೋನಿನಲ್ಲಿ ಒಂದು ತೆಗೆದು ತೋರಿಸಿದೆ, ಒಪ್ಪಿದರು. ಕೊನೆಗೆ ಸಾಸಿವೆ ಬಣ್ಣದ ಮೈಸೂರು ರೇಷ್ಮೆ. ಮೈಯೆಲ್ಲ ಒಂದೇ ಬಣ್ಣ, ಮೆತ್ತಗೆ ಇಳಿಬೀಳುತ್ತದೆ, ಹೊಳಪೂ ಹಿತ. ಜರಿಯ ಅಂಚು ಕಿಟಕಿ ಬೆಳಕಿಗೆ ಮಿಂಚಿ ಮುಖದಿಂದ ಕಣ್ಣು ಸೆಳೆಯುತ್ತಿತ್ತು, ಸೆರಗನ್ನು ಸ್ವಲ್ಪ ಮಡಚಿ ಅಂಚು ಒಳಗೆ ಹೋಗುವಂತೆ ಮಾಡಿದೆ. ಹಿಂದೆ ಕಡು ಹಸಿರಿನ ಪರದೆ ಬಟ್ಟೆ, ಇಸ್ತ್ರಿ ಮಾಡಿ, ಬೆನ್ನಿನಿಂದ ಐದಡಿ ದೂರದಲ್ಲಿ.

ಬಣ್ಣದ ಮಾತಿಗೆ ಬರುತ್ತೇನೆ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರಿಗೆ ಎದುರಿಗಿರುವುದು ಮುಖವೋ ಗೋಡೆಯೋ ಗೊತ್ತಿಲ್ಲ. ಎಲ್ಲವನ್ನೂ ನಡುವಿನ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ಮೈಬಣ್ಣದವರನ್ನು ಬಿಳಿ ಗೋಡೆಗೆ ನಿಲ್ಲಿಸಿ ತೆಗೆದರೆ ಅದು ಗೋಡೆಯನ್ನು ನೋಡಿ ಬೆಳಕು ಇಳಿಸುತ್ತದೆ, ಮುಖ ಮಸಿಯಾಗುತ್ತದೆ. ಅವತ್ತು ಮುಖ ಒಗ್ಗಲ್ಲ ಅಂದಾಗ ಚಿಕ್ಕಮ್ಮನ ಹಿಂದೆ ಎಂಥ ಗೋಡೆಯಿತ್ತೋ, ಯಾರು ಬೆಳಕು ಹಿಡಿದಿದ್ದರೋ. ಒಗ್ಗದೆ ಹೋದದ್ದು ಮುಖವಂತೂ ಅಲ್ಲ, ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ನಾನು ಒಂದು ಚುಕ್ಕಿಯಷ್ಟು ಜಾಗದ ಬೆಳಕನ್ನು ಮಾತ್ರ ಅಳೆಯುವ ಸ್ಪಾಟ್ ಮೀಟರನ್ನು ಕೆನ್ನೆಯ ಮೇಲೆ ಇಟ್ಟು ಅಳೆದು ಕ್ಯಾಮೆರಾ ಹೊಂದಿಸಿದೆ: 85 ಎಂಎಂ ಲೆನ್ಸ್, ಅದರ ಕಿಂಡಿ ಎಫ್/4, ಶಟರ್ 1/200 ಸೆಕೆಂಡು, ಬೆಳಕು ಗ್ರಹಿಸುವ ಅಳತೆ ಐಎಸ್ಒ 400. ಕಿಟಕಿಗೆ ಎದುರಾಗಿ, ಚೌಕಟ್ಟಿನ ಆಚೆಗೆ, ಸ್ಟೇಷನರಿ ಅಂಗಡಿಯ ಥರ್ಮಾಕೋಲ್ ಹಾಳೆ ನಿಲ್ಲಿಸಿ ನೆರಳಿನ ಬದಿಗೆ ತುಸು ಬೆಳಕು ಕೊಟ್ಟೆ. ಪೌಡರ್ ಹಚ್ಚಿಕೊಳ್ಳಲಾ ಅಂತ ಕೇಳಿದರು, ಬೇಡ ಅಂದೆ. ಇಂಥ ಮೈಬಣ್ಣದಲ್ಲಿ ಮುಖದ ಆಕಾರ ತೋರಿಸುವುದೇ ಕೆನ್ನೆಮೂಳೆಯ, ಹಣೆಯ ಹೊಳಪು. ಅದನ್ನು ಒರೆಸಿಬಿಟ್ಟರೆ ಮುಖ ಚಪ್ಪಟೆಯಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಬಿಳಿ ಮಾಡುವ ಕೆಲಸವನ್ನು ನಾನು ಯಾರಿಗೂ ಮಾಡಿಕೊಡುವುದಿಲ್ಲ, ಮದುವೆ ಮನೆಯವರು ದುಡ್ಡು ಹೆಚ್ಚು ಕೊಡುತ್ತೇವೆ ಅಂದರೂ.

ಕನ್ನಡಕ ತೆಗೆಯಲಾ ಅಂತಲೂ ಕೇಳಿದರು. ನಲವತ್ತು ವರ್ಷದಿಂದ ಹಾಕಿಕೊಂಡಿರುವ ಕನ್ನಡಕ, ತೆಗೆದರೆ ಬೇರೆ ಯಾರೋ ಆಗುತ್ತಾರೆ. ಆದರೆ ಗಾಜಿನ ತುಂಬ ಕಿಟಕಿ ಕಾಣುತ್ತಿತ್ತು, ಸರಳುಗಳ ಸಮೇತ. ಬೆಳಕು ಯಾವ ಕೋನದಲ್ಲಿ ಬೀಳುತ್ತದೋ ಅದೇ ಕೋನದಲ್ಲಿ ಹಿಂತಿರುಗುತ್ತದೆ. ಹಾಗಾಗಿ ಕೋನ ಬದಲಾಯಿಸಿದರೆ ಸಾಕು. ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಒಂದು ಬೆರಳಷ್ಟು ಮೇಲೆತ್ತಿ ಕೂರಿಸಿದೆ, ಗಾಜು ತುಸು ಕೆಳಕ್ಕೆ ಬಾಗಿತು. ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಓರೆಯಾಗಿಸಿದೆ. ಪ್ರತಿಬಿಂಬ ಜಾರಿಹೋಗಿ ಕಣ್ಣಿನಲ್ಲಿ ಸಣ್ಣ ಬೆಳಕಿನ ಚುಕ್ಕಿ ಮಾತ್ರ ಉಳಿಯಿತು.

ಮೊದಲ ನಲವತ್ತು ಫೋಟೊ ಯಾವುದಕ್ಕೂ ಬರಲಿಲ್ಲ. ಚಿಕ್ಕಮ್ಮ ಪಾಸ್‌ಪೋರ್ಟ್ ಫೋಟೊಗೆ ಕೂತವರ ಹಾಗೆ ಉಸಿರು ಬಿಗಿಹಿಡಿದಿದ್ದರು. ಒಂದು ಅಂಚೆ ಕಾರ್ಡು ಕೈಗೆ ಕೊಟ್ಟು ನೋಡಿದೆ. ಕೈಗೆ ನೆಮ್ಮದಿ ಸಿಕ್ಕಿತು, ಆದರೆ ಕ್ಯಾಮೆರಾದ ಪರದೆಯಲ್ಲಿ ಚಿಕ್ಕದಾಗಿ ನೋಡಿದಾಗ ಕಾರ್ಡು ಒಂದು ಬಿಳಿಚಿದ ಚೌಕವಾಗಿ ಮುಖಕ್ಕಿಂತ ಮುಂಚೆ ಕಣ್ಣಿಗೆ ಬಡಿಯಿತು. ತೆಗೆದಿಟ್ಟೆ. ಆಗ, "ಚಿಕ್ಕಮ್ಮ, ಆ ನಂಜನಗೂಡು ಕಡೆ ಹುಡುಗನ ಕಾಗದದ ವಿಷ್ಯ ಹೇಳಿ" ಅಂದೆ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕಕ್ಕಿಟ್ಟೆ.

ಮಾತಾಡುವ ಮುಖ ತೆಗೆಯುವುದು ಸುಲಭವಲ್ಲ. 'ಆ' ಅನ್ನುವಾಗ ಬಾಯಿ ತೆರೆದಿರುತ್ತದೆ, 'ಪ', 'ಬ', 'ಮ' ಅನ್ನುವಾಗ ತುಟಿ ಒತ್ತಿಕೊಂಡಿರುತ್ತದೆ, ನಡುವೆ ಸಿಕ್ಕಿದ್ದೆಲ್ಲ ವಿಕಾರ. ಆದರೆ ಕನ್ನಡದಲ್ಲಿ ಮಾತಾಡುವವರನ್ನು ತೆಗೆಯುವಾಗ ಒಂದು ಅನುಕೂಲವಿದೆ, ಇದನ್ನು ನಾನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡದ್ದು. ನಮ್ಮ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. "ಬಂದ", "ಹೋದಳು", "ಸಿಗಲಿಲ್ಲ". ಅದು ಬರುವವರೆಗೆ ಮಾತು ಮುಗಿದಿರುವುದಿಲ್ಲ, ಮುಖವೂ ಕಾಯುತ್ತಿರುತ್ತದೆ. ಅದು ಬಂದ ಮೇಲೆ ಅರ್ಧ ಸೆಕೆಂಡು ತುಟಿ ಸೇರುತ್ತದೆ, ಕಣ್ಣು ಎದುರಿಗಿರುವವರನ್ನು ನೋಡುತ್ತದೆ: ಕೇಳಿತಾ ನಿನಗೆ, ಅನ್ನುವ ಹಾಗೆ. ಅಲ್ಲಿ ಒತ್ತಬೇಕು ಬಟನ್. ನಾನು ಲೆನ್ಸಿನ ಎಡಕ್ಕೆ ಒಂದು ಸ್ಟೂಲಿನ ಮೇಲೆ ಅವರ ಹಳೆಯ ಟ್ರಾನ್ಸಿಸ್ಟರ್ ಇಟ್ಟು, "ಇದಕ್ಕೆ ಹೇಳಿ" ಅಂದಿದ್ದೆ. ಚೌಕದ ಎಡಭಾಗ ಹೆಸರಿಗೆ ಮೀಸಲು, ಆ ಕಡೆಗೇ ಅವರ ನೋಟ ಇದ್ದರೆ ನೋಡುವವರ ಕಣ್ಣೂ ಮುಖದಿಂದ ಹೆಸರಿಗೆ ಹೋಗುತ್ತದೆ.

ಆ ಜಾಗವನ್ನು ಮೊದಲೇ ಬಿಟ್ಟುಕೊಳ್ಳದಿದ್ದರೆ ಕನ್ನಡದಲ್ಲಿ ಕೆಲಸ ಕೆಡುತ್ತದೆ. ಕಾರ್ಯಕ್ರಮದ ಹೆಸರನ್ನು ಚಿಕ್ಕಮ್ಮನೇ ಹೇಳಲಿ, ನಾನು ಇಲ್ಲಿ ಬರೆಯುವುದಿಲ್ಲ. ಎರಡು ಪದ, ಮೂರು ಒತ್ತಕ್ಷರ ಅನ್ನುವುದು ಸಾಕು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಎರಡು ಸಾಲು ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ನಡುವೆ ಜಾಗ ಬೇಕು, ಹಾಗೆ ಬಿಟ್ಟರೆ ಅಕ್ಷರ ಚಿಕ್ಕದಾಗುತ್ತದೆ. 'ಬಲೂ ತಮ್ಮ' ಅನ್ನುವ ಫಾಂಟ್ ಹಾಕಿ ನೋಡಿದೆ, ಮುದ್ದಾಗಿದೆ, ಆದರೆ ಚಿಕ್ಕಮ್ಮನ ನಿಧಾನಕ್ಕೆ ಅದು ತುಂಬ ಗುಂಡಗೆ. 'ಅನೇಕ್ ಕನ್ನಡ' ಹೊಂದಿತು. ಇಬ್ಬರಿಗೂ ಅದೇ ಹಿಡಿಸಿತು. ಹಳೆಯ ಫೋಟೊಶಾಪಿನಲ್ಲಿ ಬರೆಯುವವರು ಒಂದು ನೆನಪಿಡಿ: ಟೈಪ್ ಸೆಟ್ಟಿಂಗಿನಲ್ಲಿ ಭಾರತೀಯ ಲಿಪಿಗಳ ಆಯ್ಕೆ ಹಾಕದಿದ್ದರೆ ಒತ್ತಕ್ಷರ ಒಡೆದು 'ಅಕ್ಕ' ಹೋಗಿ 'ಅಕ್‌ಕ' ಆಗುತ್ತದೆ. ಅಚ್ಚಾದ ಬ್ಯಾನರುಗಳಲ್ಲಿ ಇದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಹೆಸರನ್ನು ನಾವೇ ಸರಿಯಾಗಿ ಬರೆದುಕೊಳ್ಳಬೇಡವೇ?

ಮೂಲೆಗಳಲ್ಲಿ ಏನನ್ನೂ ಇಡಲಿಲ್ಲ, ಆ್ಯಪ್‌ಗಳು ಮೂಲೆಯನ್ನು ದುಂಡಗೆ ಕತ್ತರಿಸುತ್ತವೆ. ಕೊನೆಗೆ ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿದೆ. ಬಣ್ಣ ಹೋದರೂ ಮುಖ ಹಿನ್ನೆಲೆಯಿಂದ ಬೇರೆಯಾಗಿ ನಿಂತರೆ ಉಗುರಿನಷ್ಟಾದಾಗಲೂ ನಿಲ್ಲುತ್ತದೆ. ನೆರಳಿನ ಕಡೆ ಕೂದಲು ಹಿಂದಿನ ಹಸಿರು ಪರದೆಯಲ್ಲಿ ಕರಗುತ್ತಿತ್ತು, ಚಿತ್ರದಲ್ಲಿ ಆ ಪರದೆಯನ್ನು ತುಸು ತಿಳಿ ಮಾಡಿದೆ.

ಸಂಜೆ ಚಿಕ್ಕಮ್ಮನ ಫೋನಿಗೆ ಕಳಿಸಿ, ಅವರು ನೋಡುವುದನ್ನು ಅಲ್ಲೇ ಕೂತು ನೋಡಿದೆ. ಮೊದಲು ಚಿಕ್ಕದಾಗಿ ನೋಡಿದರು. ಎರಡು ಬೆರಳಿನಲ್ಲಿ ಹಿಗ್ಗಿಸಿ ಕೆನ್ನೆ ನೋಡಿದರು, ಕಣ್ಣು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಚೆನ್ನಾಗಿದೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

"ಇದು ತೆಗೆದಾಗ ನಾನು ಏನು ಹೇಳ್ತಿದ್ದೆ?" ಅಂದರು.

ಫೋಟೊದ ಸಮಯ ನೋಡಿ, ರೆಕಾರ್ಡಿಂಗಿನಲ್ಲಿ ಆ ಜಾಗ ಹುಡುಕಿದೆ. ಹನ್ನೆರಡಕ್ಕೆ ಏಳು ನಿಮಿಷ. ಇಬ್ಬರೂ ಕೇಳಿಸಿಕೊಂಡೆವು. ದೂರದಲ್ಲಿ ಯಾರದೋ ಮನೆಯ ಕುಕ್ಕರ್ ಕೂಗು, ಅದರ ಮೇಲೆ ಅವರ ದನಿ: "ಅವನ ಅಮ್ಮನ ಹೆಸರಿಗೆ ಆ ವಾರವೂ ಹಾಡು ಹಾಕಿದ್ವಿ. ಆಮೇಲೆ ಆ ಹುಡುಗ ಕಾಗದ ಬರೀಲಿಲ್ಲ." ನಂತರ ನಿಶ್ಶಬ್ದ, ಅದರ ನಡುವೆ ನನ್ನ ಶಟರಿನ ಒಂದೇ ಒಂದು ಸದ್ದು.

ಚಿಕ್ಕಮ್ಮ ಅದನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. "ಮೊದಲನೇ ಕಂತು ಇದೇ ಇರಲಿ ಕಣೇ" ಅಂದು, ಕಾಫಿಗೆ ಹಾಲು ಇಡಲು ಎದ್ದರು.